ಹಡಗು ಮುಳುಗಿ ಬದುಕಿ ಬಂದ ತಮ್ಮನಿಗೆ ನಿದ್ದೆ ಇಲ್ಲ: ಪ್ರತಿಕ್ರಿಯೆ

ಹಡಗು ಮುಳುಗಿದಾಗ ಬದುಕಿ ಬಂದ ನಿಮ್ಮ ತಮ್ಮನಿಗೆ ಎರಡು ತಿಂಗಳಾದರೂ ನಿದ್ದೆ ಇಲ್ಲ, ನೀರಿನ ಸದ್ದಿಗೆ ಬೆಚ್ಚುತ್ತಾನೆ, ಕಾಲು ಜೋಮು ಹಿಡಿಯುತ್ತದೆ ಅಂತ ಬರೆದಿದ್ದೀರಿ. ಇದು ಹೆಚ್ಚಾಗಿ ಆಘಾತದ ನಂತರದ ಒತ್ತಡ. ಡಾಕ್ಟರು ಪಿಟಿಎಸ್‌ಡಿ ಅಂತಾರೆ. ಎರಡು ತಿಂಗಳಾದರೂ ನಿದ್ದೆ ಇಲ್ಲದಿರುವುದು, ಬಕೆಟ್ಟಿಗೆ ನೀರು ಬೀಳುವ ಸದ್ದಿಗೇ ಬೆಚ್ಚುವುದು ಅದರದೇ ಲಕ್ಷಣ. ಕಾಲು ಜೋಮು ಹಿಡಿಯುವುದು ಇದರಿಂದಲೇ ಅಂತ ಹೇಳಲಾರೆ. ಅದನ್ನು ಬೇರೆಯಾಗಿ ತೋರಿಸಿ.

ಮೊದಲು, ನೋಡಲು ಬಂದವರೆಲ್ಲ ಕಥೆ ಕೇಳುವುದನ್ನು ನಿಲ್ಲಿಸಿ. ಅವನಾಗಿಯೇ ಹೇಳಿದಾಗ ಸುಮ್ನೆ ಕೇಳಿ, ಸಾಕು.

ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಅಲ್ಲಿ ಆಗದಿದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. ಅಲ್ಲಿಯವರೆಗೆ ನಿದ್ದೆ ಮಾತ್ರೆ, ಕುಡಿತ ಎರಡೂ ಬೇಡ.

ಕೂಡಲಸಂಗಮದಲ್ಲಿ ಮುಳುಗು ಹಾಕಿಸಿದರೆ ಭಯ ಬಿಡುತ್ತದೆ ಅನ್ನುವವರು ಇದ್ದೇ ಇರುತ್ತಾರೆ. ದಯವಿಟ್ಟು ಮಾಡಬೇಡಿ. ಕೃಷ್ಣಾ ಹಿನ್ನೀರಿನಲ್ಲಿ ದೋಣಿ ಮಗುಚಿ ಬದುಕಿದ ನನ್ನ ಭಾವನನ್ನು ಹಾಗೇ ಒತ್ತಾಯದಿಂದ ಇಳಿಸಿದೆವು. ಭಯ ಇನ್ನೂ ಜಾಸ್ತಿ ಆಯಿತು. ಆಮೇಲೆ ಡಾಕ್ಟರು ಹೇಳಿದಂತೆ ಚೊಂಬಿನ ನೀರಿನಿಂದ ಶುರು ಮಾಡಿ, ನಿಧಾನವಾಗಿ ಸರಿಹೋದರು.

ಹಡಗಿನಲ್ಲಿ ಯಾರಾದರೂ ತೀರಿಕೊಂಡಿದ್ದು, ಅವರನ್ನು ನೆನೆದು "ಅವರ ಜೊತೆ ನಾನೂ ಹೋಗಬೇಕಿತ್ತು" ಅಂತ ತಮ್ಮ ಅಂದರೆ, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.