ಮುಚ್ಚದ ಟ್ಯಾಗ್‌ಗಳ ಗೋಳು

ಪ್ರಶ್ನೆ: ಒಂದು ಹಳೇ ವೆಬ್ ಪುಟದಿಂದ ಅಡಿಕೆ ಧಾರಣೆಯ ಟೇಬಲ್ ತೆಗೆಯಬೇಕು. ಪೈಥಾನ್‌ನ ಎಕ್ಸ್‌ಎಂಎಲ್ ಪಾರ್ಸರ್‌ಗೆ (ಟ್ಯಾಗ್‌ಗಳಿರುವ ಪಠ್ಯವನ್ನು ಓದಿ ಬಿಡಿಸಿಕೊಡುವ ಪ್ರೋಗ್ರಾಂ) ಕೊಟ್ಟರೆ ಎರರ್ ಬರುತ್ತೆ. ನೋಡಿದರೆ ಟೇಬಲ್‌ನ ಒಂದೊಂದು ಕೋಶವನ್ನು ಗುರುತಿಸುವ ಟಿಡಿ ಟ್ಯಾಗ್‌ಗಳಲ್ಲಿ ಅರ್ಧವನ್ನು ಮುಚ್ಚೇ ಇಲ್ಲ! ಏನು ಮಾಡಲಿ?

ಉತ್ತರ: ಎಕ್ಸ್‌ಎಂಎಲ್ ಪಾರ್ಸರ್ ಮಹಾ ಮಡಿವಂತ, ಮೊದಲ ತಪ್ಪಿಗೇ ಕೆಲಸ ನಿಲ್ಲಿಸುತ್ತದೆ. ಪುಟದ್ದೂ ಪೂರ್ತಿ ತಪ್ಪಲ್ಲ ಬಿಡಿ, ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಟಿಡಿಯನ್ನು ಮುಚ್ಚದಿದ್ದರೂ ನಡೆಯುತ್ತದೆ. ನಿಮಗೆ ಬೇಕಿರುವುದು ಬ್ಯೂಟಿಫುಲ್ ಸೂಪ್. ಲಿಯೊನಾರ್ಡ್ ರಿಚರ್ಡ್‌ಸನ್ 2004ರಲ್ಲಿ ಶುರು ಮಾಡಿದ ಲೈಬ್ರರಿ ಇದು. ಪಿಪ್‌ನಲ್ಲಿ (ಪೈಥಾನ್ ಲೈಬ್ರರಿಗಳನ್ನು ತರಿಸಿಕೊಡುವ ಸಾಧನ) ಹಾಕಿಕೊಳ್ಳುವಾಗ ಹೆಸರು ಬ್ಯೂಟಿಫುಲ್‌ಸೂಪ್4, ಕೋಡ್‌ನಲ್ಲಿ ಇಂಪೋರ್ಟ್ ಮಾಡುವಾಗ ಬಿಎಸ್4. ಇಲ್ಲಿ ಎಲ್ಲರೂ ಒಂದು ಸಲ ಎಡವುತ್ತಾರೆ, ನಾನೂ ಎಡವಿದ್ದೆ.

ಆದರೆ ಅಸಲಿ ವಿಷಯ ಬೇರೆ ಇದೆ. ಬ್ಯೂಟಿಫುಲ್ ಸೂಪ್ ತಾನೇ ಪಾರ್ಸ್ ಮಾಡಲ್ಲ, ಒಳಗೆ ಇನ್ನೊಂದು ಪಾರ್ಸರ್ ಇರುತ್ತದೆ, ಅದನ್ನು ಆರಿಸೋದು ನೀವೇ. ಪೈಥಾನ್ ಜೊತೆಗೇ ಬರುವ ಎಚ್‌ಟಿಎಂಎಲ್ ಡಾಟ್ ಪಾರ್ಸರ್ ಕೊಟ್ಟರೆ, ಮುಚ್ಚದ ಟಿಡಿ ಒಳಗೇ ಮುಂದಿನ ಟಿಡಿ ಹೋಗಿ ಕೂರುತ್ತದೆ, ಆಮೇಲೆ ಮೊದಲ ಕೋಶದ ಅಕ್ಷರ ಕೇಳಿದರೆ ಇಡೀ ಸಾಲೇ ಬರುತ್ತದೆ. ಎರರ್ ಇಲ್ಲ, ಸುಮ್ನೆ ತಪ್ಪು ಉತ್ತರ! ಅದರ ಬದಲು ಎಲ್‌ಎಕ್ಸ್‌ಎಂಎಲ್ ಎಂಬ ಪಾರ್ಸರ್ ಕೊಟ್ಟು ನೋಡಿ, ಟಿಡಿಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ವೇಗವೂ ಜಾಸ್ತಿ. ಪುಟ ತೀರಾ ಕೆಟ್ಟಿದ್ದರೆ ಎಚ್‌ಟಿಎಂಎಲ್5ಲಿಬ್ ಇದೆ, ಬ್ರೌಸರ್ ಓದುವಂತೆಯೇ ಓದುತ್ತದೆ, ಆದರೆ ಬಹಳ ನಿಧಾನ. ಎರಡನ್ನೂ ಬೇರೆಯಾಗಿ ಹಾಕಿಕೊಳ್ಳಬೇಕು.

ಪಾರ್ಸರ್ ಹೆಸರನ್ನು ಕೋಡ್‌ನಲ್ಲೇ ಬರೆದಿಡಿ. ಬಿಟ್ಟರೆ ಆಯಾ ಕಂಪ್ಯೂಟರ್‌ನಲ್ಲಿ ಇರುವುದನ್ನು ಬ್ಯೂಟಿಫುಲ್ ಸೂಪೇ ಆರಿಸಿಕೊಳ್ಳುತ್ತದೆ, ನಿಮ್ಮಲ್ಲಿ ಬಂದ ಟೇಬಲ್ ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ಬರದೇ ಹೋಗಬಹುದು.