ಮುತ್ತಜ್ಜನಿಗೆ ದಗಡು ಅಂತ ಹೆಸರು ಯಾಕಿಟ್ರು?

ಪ್ರಶ್ನೆ: ಸರ್, ನಾವು ಮೂಲ ವಿಜಯಪುರ ಕಡೆಯವರು, ಈಗ ಪುಣೆ ಕೋಥ್ರೂಡದಾಗ ಇದ್ದೀವಿ. ವಂಶಾವಳಿ ಬರೆಸಲಿಕ್ಕೆ ಕೂತಾಗ ಮುತ್ತಜ್ಜನ ಹೆಸರು ದಗಡು ಅಂತ ಸಿಕ್ತು. ಅವರೇ ಹಿರಿಯರು, ತಮ್ಮಂದಿರೆಲ್ಲ ಭೀಮಪ್ಪ, ಹನಮಂತ, ಮಲ್ಲಪ್ಪ. ಆಳು ಕಲ್ಲಿನಂಗ ಗಟ್ಟಿ ಇದ್ರು, ಅದಕ್ಕ ಆ ಹೆಸರು ಅಂತಾರ ನಮ್ಮ ಕಾಕಾ. ಖರೇನಾ?
– ಓದುಗರೊಬ್ಬರು, ಪುಣೆ

ಉತ್ತರ: ಕಾಕಾ ಸಿಟ್ಟಾಗಬಾರದು, ಆದ್ರೆ ತೊಟ್ಟಿಲಲ್ಲಿರೋ ಕೂಸು ಮುಂದೆ ಗಟ್ಟಿ ಆಳಾಗ್ತದೆ ಅಂತ ಯಾರಿಗೆ ಗೊತ್ತಿರ್ತದೆ? ಮರಾಠಿಯಲ್ಲಿ ದಗಡ ಅಂದ್ರೆ ಕಲ್ಲು, ಅದು ಹೌದು, ಆದ್ರೆ ಇದು ಹೊಗಳೋಕೆ ಇಟ್ಟಿದ್ದಲ್ಲ, ಬೇಕಂತಲೇ ಇಟ್ಟ ಕೆಟ್ಟ ಹೆಸರು. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡ ಮನೇಲಿ ಮುಂದಿನ ಕೂಸಿಗೆ ಯಮನಿಗೂ ಬೇಡ ಕೆಟ್ಟ ಕಣ್ಣಿಗೂ ಬೇಡ ಅನ್ನೋಂಥ ಹೆಸರು ಇಡೋರು, ದಗಡು, ಧೋಂಡು (ಇದೂ ಕಲ್ಲೇ), ಕಚರು ಅಂದ್ರೆ ಕಸ, ಗಂಡು ಕೂಸಿಗೆ ಮೂಗು ಚುಚ್ಚಿಸಿ ನಥು. ನಮ್ಮಲ್ಲಿ ಗುಂಡಪ್ಪ, ಕಲ್ಲಪ್ಪ, ತಿಪ್ಪಣ್ಣ ಇಲ್ವಾ, ಹಂಗೇ. ಕೂಸನ್ನ ತಿಪ್ಪೆ ಮೇಲೆ ಉರುಳಿಸೋದು, ಮೊರದಲ್ಲಿಟ್ಟು ಪಕ್ಕದ ಮನೆಯವರಿಗೆ ಮಾರಿದಂಗೆ ಮಾಡಿ ವಾಪಸ್ ಕೊಂಡ್ಕೊಳ್ಳೋದೂ ಇತ್ತು. (ಎಲ್ಲ ತಿಪ್ಪೇಸ್ವಾಮಿಗಳೂ ಹಿಂಗಲ್ಲ ಮತ್ತೆ, ಚಿತ್ರದುರ್ಗದ ಕಡೆಯವರಾದ್ರೆ ಅದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಹೆಸರು.)

ನಿಮ್ಮೂರಲ್ಲೇ ದಗಡೂಶೇಠ್ ಹಲವಾಯಿ ಗಣಪತಿ ಇಲ್ವಾ, ಆ ಶೇಠರು ಕರ್ನಾಟಕದಿಂದ ಹೋಗಿ ನೆಲೆಸಿದ ಲಿಂಗಾಯತರು ಅಂತಾರೆ. ನೀವು ದಿನಾ ಓಡಾಡೋ ಕರ್ವೆ ರೋಡಿನ ಮಹರ್ಷಿ ಕರ್ವೆ ಹೆಸರೂ ಧೋಂಡೋ ಕೇಶವ, 1858ರಲ್ಲಿ ಹುಟ್ಟಿ 1962ರ ತನಕ ಬದುಕಿದ್ರು!

ನನಗೆ ಮುಖ್ಯ ಅನ್ಸಿದ್ದು ನಿಮ್ಮ ಮುತ್ತಜ್ಜನೇ ಹಿರಿಯರು ಅನ್ನೋ ಮಾತು. ವಂಶಾವಳಿಯಲ್ಲಿ ಸಾಮಾನ್ಯವಾಗಿ ಬದುಕಿ ಬಾಳಿದವರನ್ನಷ್ಟೇ ಬರೀತಾರೆ, ಎಳೇದರಲ್ಲೇ ಹೋದ ಕೂಸುಗಳು ಅದರಲ್ಲಿ ಇರೋದೇ ಇಲ್ಲ, ಹಾಗಾಗಿ ಅವರಿಗಿಂತ ಮುಂಚೆ ಹುಟ್ಟಿದವರು ಇದ್ರಾ ಅಂತ ಮನೆಯ ಹಿರೇ ಹೆಣ್ಮಕ್ಕಳನ್ನ ಕೇಳ್ರಿ, ಗಂಡಸರಿಗೆ ಇಂಥದ್ದು ನೆನಪಿರೋದು ಕಮ್ಮಿ. ಮರಾಠಿ ಹೆಸರು ಹೆಂಗೆ ಬಂತು ಅಂತ ತಲೆ ಕೆಡಿಸ್ಕೋಬೇಡ್ರಿ, 1956ರ ತನಕ ವಿಜಯಪುರ ಇದ್ದದ್ದು ಮುಂಬಯಿ ರಾಜ್ಯದಲ್ಲಿ, ಸೊಲ್ಲಾಪುರ ಪಕ್ಕದಲ್ಲೇ.

ಕಾಗದ ಬೇಕಂದ್ರೆ ಊರಿನ ಹಳೇ ಜಮೀನು ದಾಖಲೆ ನೋಡ್ರಿ, ಹಿರಿಯರು ಯಾತ್ರೆಗೆ ಹೋಗಿದ್ರೆ ನಾಶಿಕ, ತ್ರ್ಯಂಬಕೇಶ್ವರದ ತೀರ್ಥಪುರೋಹಿತರ ವಹಿಯಲ್ಲೂ (ಬಂದ ಯಾತ್ರಿಕರ ಹೆಸರು ಬರೆದಿಡೋ ಪುಸ್ತಕ) ಹೆಸರು ಸಿಗಬಹುದು. ಹಳೇವು ಮೋಡಿ ಲಿಪಿಯಲ್ಲಿದ್ರೆ (ಹಿಂದೆ ಮರಾಠಿ ಬರೀತಿದ್ದ ಕೂಡಕ್ಷರ) ಓದೋರನ್ನ ಹುಡುಕ್ಬೇಕು, ಪುಣೆಯಲ್ಲಿ ಅಂಥವರಿಗೇನೂ ಬರ ಇಲ್ಲ. ಮತ್ತೆ ದಗಡು ಅಂತಷ್ಟೇ ಹುಡುಕಿ ಬಿಟ್ಬಿಡಬೇಡ್ರಿ, ಕರೆಯೋ ಹೆಸರು ಬೇರೆ ಕಾಗದದ ಹೆಸರು ಬೇರೆ ಇರ್ತಿತ್ತು, ಅಪ್ಪನ ಹೆಸರು, ಊರು ಹೊಂದ್ತದಾ ನೋಡ್ರಿ.