ಅರ್ಧದಷ್ಟೂ ವೋಟು ಬೀಳದವರು ಗೆಲ್ಲೋದು ಹೇಗೆ?

ಎರಡನೇ ಸ್ಥಾನದವರಿಗಿಂತ ಒಂದು ವೋಟು ಜಾಸ್ತಿ ಬಂದರೆ ಸಾಕು, ಅದಕ್ಕೇ. ನೂರರಲ್ಲಿ 40, 35, 25 ಬಿದ್ದರೆ 40 ಬಂದವರೇ ಎಮ್ಮೆಲ್ಲೆ. ಉಳಿದ 60 ಲೆಕ್ಕಕ್ಕುಂಟು, ಆಟಕ್ಕಿಲ್ಲ. 2023ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಿದ್ದದ್ದು ಸುಮಾರು 43% ವೋಟು, ಸಿಕ್ಕಿದ್ದು 224ರಲ್ಲಿ 135 ಸೀಟು.

ಬೇರೆ ಪದ್ಧತಿ ನೋಡೋಕೆ ವಿದೇಶಕ್ಕೆ ಹೋಗಬೇಕಿಲ್ಲ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ, ಡಿಗ್ರಿ ಆದವರಷ್ಟೇ ವೋಟು ಹಾಕುವ, ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರ ಕ್ಷೇತ್ರದಲ್ಲೇ ಇದೆ. ಅಲ್ಲಿ ಬಟನ್ ಒತ್ತೋದಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದ ಹೆಸರಿನ ಮುಂದೆ 1, 2, 3 ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಚೀಟಿಗಳಲ್ಲಿ 2 ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಎಣಿಕೆ ನಿಧಾನ, ಆದರೆ ಸೋತವರ ವೋಟು ಸುಮ್ನೆ ದಂಡ ಆಗಲ್ಲ. ಟಿಕ್ ಮಾತ್ರ ಹಾಕಬೇಡಿ, ಚೀಟಿ ತಿರಸ್ಕೃತ. ಡಿಗ್ರಿ ಇದ್ದವರಿಗೇ ಈ ಮಾತು ಹೇಳಬೇಕು, ತಮಾಷೆ ಅಲ್ವಾ!